ಸಂಸತ್ತಿನ ಅಧಿಕಾರ: ಮೂಲ ಮತ್ತು ಮೇರೆ

'ಸಂಸತ್ತು' ಎಂಬುದು ಹಳೆಯ ಶಬ್ದ. ಕುಳಿತುಕೊಳ್ಳು ಎಂಬ ಅರ್ಥದ 'ಸದ್' ಧಾತುವಿಗೆ 'ಸಂ' ಎಂಬ ಉಪಸರ್ಗ ಸೇರಿ 'ಸಂಸದ್' ಎಂದಾಗಿದೆ. ಒಡಗೂಡಿ ಕುಳಿತವರ ಸಭೆ ಎಂಬುದು ಅದರ ನಿರ್ವಚನ. 'ಶಾಸನ' ಎಂಬ ಶಬ್ದವಾದರೋ ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಇನ್ನೂ ಹೆಚ್ಚು ಪರಿಚಿತವಾದುದು. ಹಲ್ಮಿಡಿಯಿಂದ ಮೊದಲ್ಗೊಂಡು ನಾಡಿನಾದ್ಯಂತ ಕಲ್ಲಿನ ಮೇಲೂ ತಾಮ್ರದ ಮೇಲೂ ಕೊರೆದಿಟ್ಟ ಬರಹಗಳಿಗೆ ಆ ಹೆಸರು. ಇಂದು ಅದೇ ಶಬ್ದ ಸಂಸತ್ತು ರಚಿಸುವ ಕಾನೂನಿಗೂ ಸಲ್ಲುತ್ತಿದೆ; ಕಾನೂನು ರಚಿಸುವ ಅಂಗವನ್ನು ಶಾಸಕಾಂಗವೆಂದು ಕರೆಯುತ್ತೇವೆ. ಈ ಎರಡು ಅರ್ಥಗಳ ನಡುವಣ ಸಂಬಂಧ ಕೇವಲ ಶಬ್ದಸಾಮ್ಯವೆಂದು ತಳ್ಳಿಹಾಕುವಂತಿಲ್ಲ. ದತ್ತಿಶಾಸನವೊಂದನ್ನು ಓದುವಾಗ ನಾವು ಮುಖ್ಯವಾಗಿ ಮೂರು ಸಂಗತಿಗಳನ್ನು ಅರಸುತ್ತೇವೆ: ಕೊಟ್ಟವರು ಯಾರು, ಕೊಟ್ಟದ್ದು ಏನು, ಅದರ ಚತುಸ್ಸೀಮೆ ಯಾವುದು. ನಮ್ಮ ರಾಷ್ಟ್ರದ ಸಂಸತ್ತಿನ ಅಧಿಕಾರವನ್ನು ಅರಿಯಬೇಕಾದರೂ ಕೇಳಬೇಕಾದ ಪ್ರಶ್ನೆಗಳು ಇವೇ.

ಈ ವಿಷಯದಲ್ಲಿ ಜನಸಾಮಾನ್ಯರಲ್ಲಿ, ಎಷ್ಟೋ ವೇಳೆ ವಿದ್ಯಾವಂತರಲ್ಲಿಯೂ, ಎರಡು ಬಗೆಯ ತಪ್ಪು ತಿಳಿವಳಿಕೆಗಳು ರೂಢಿಯಲ್ಲಿವೆ. ಸಂಸತ್ತು ಸರ್ವಶಕ್ತವಾದುದು, ಅಲ್ಲಿ ಬಹುಮತವಿದ್ದವರು ಏನನ್ನು ಬೇಕಾದರೂ ಮಾಡಬಹುದು ಎಂಬುದು ಒಂದು. ಸಂಸತ್ತಿನ ಮಾತಿಗೆ ಬೆಲೆಯೇ ಇಲ್ಲ, ಕೊನೆಯ ಮಾತೆಲ್ಲ ನ್ಯಾಯಾಲಯದ್ದೇ ಎಂಬುದು ಇನ್ನೊಂದು. ಎರಡೂ ಅರ್ಧಸತ್ಯಗಳು. ಸಂಸತ್ತಿನ ಅಧಿಕಾರ ಬಹು ವಿಶಾಲವಾದುದು. ಆದರೆ ಅದು ಸ್ವಯಂಭೂವಲ್ಲ, ದತ್ತವಾದುದು. ದತ್ತವಾದುದಕ್ಕೆ ಎಲ್ಲೆ ಇದ್ದೇ ಇರುತ್ತದೆ. ಈ ಒಂದು ಮಾತನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕೊಟ್ಟವರು ಯಾರು?

ಬ್ರಿಟನ್ನಿನ ಪಾರ್ಲಿಮೆಂಟು ಆ ದೇಶದ ಪರಮಾಧಿಕಾರಿ. ಅಲ್ಲಿ ಒಂದೇ ಗ್ರಂಥರೂಪದಲ್ಲಿ ಬರೆದಿಟ್ಟ ಸಂವಿಧಾನವಿಲ್ಲ. ಪಾರ್ಲಿಮೆಂಟು ಮಾಡಿದ ಕಾನೂನನ್ನು ರದ್ದುಗೊಳಿಸುವ ಅಧಿಕಾರ ಅಲ್ಲಿನ ಯಾವ ನ್ಯಾಯಾಲಯಕ್ಕೂ ಇಲ್ಲ. ನಮ್ಮ ಸಂಸತ್ತಿನ ಕಲಾಪಗಳ ಕ್ರಮವೂ ಮಂತ್ರಿಮಂಡಲದ ಪದ್ಧತಿಯೂ ಬಹುಮಟ್ಟಿಗೆ ಅಲ್ಲಿಂದಲೇ ಬಂದಿರುವುದರಿಂದ ಅಧಿಕಾರವೂ ಅಲ್ಲಿಯಂತೆಯೇ ಇರಬೇಕೆಂದು ಭಾವಿಸುವುದು ಸಹಜ. ಆದರೆ ರೂಪ ಒಂದೇ ಆದರೂ ಮೂಲ ಬೇರೆ.

ಬ್ರಿಟಿಷರ ಆಳ್ವಿಕೆಯಲ್ಲಿ ನಮ್ಮ ಶಾಸನಸಭೆಗಳು ಹಂತಹಂತವಾಗಿ ಬೆಳೆದವು. ೧೮೬೧ರ ಕಾಯಿದೆಯಂತೆ ವೈಸರಾಯರ ಸಭೆಗೆ, ಕಾನೂನು ರಚನೆಯ ಮಟ್ಟಿಗೆ, ಕೆಲವರು ಭಾರತೀಯರನ್ನು ನಾಮಕರಣ ಮಾಡಲು ಅವಕಾಶವಾಯಿತು. ೧೮೯೨ರಲ್ಲಿ ಆಯವ್ಯಯವನ್ನು ಚರ್ಚಿಸುವ, ಪ್ರಶ್ನೆ ಕೇಳುವ ಹಕ್ಕು ಪರಿಮಿತವಾಗಿ ದೊರೆಯಿತು. ೧೯೦೯ರಲ್ಲಿ ಚುನಾವಣೆಯ ತತ್ತ್ವಕ್ಕೆ ಮನ್ನಣೆ ಬಂದಿತು. ಅದರ ಜೊತೆಗೇ ಮತಾನುಸಾರವಾದ ಪ್ರತ್ಯೇಕ ಮತಕ್ಷೇತ್ರದ ಬಿರುಕೂ ಬಂದಿತು. ೧೯೧೯ರ ಕಾಯಿದೆ ಕೇಂದ್ರದಲ್ಲಿ ಎರಡು ಸದನಗಳನ್ನು ಸ್ಥಾಪಿಸಿತು. ಆದರೆ ಸದನ ತಿರಸ್ಕರಿಸಿದ ಮಸೂದೆಯನ್ನು ಗವರ್ನರ್ ಜನರಲ್ಲರು ತಮ್ಮ ಪ್ರಮಾಣೀಕರಣದಿಂದಲೇ ಕಾನೂನಾಗಿಸಬಹುದಾಗಿತ್ತು. ೧೯೩೫ರ ಕಾಯಿದೆ ವಿಷಯಗಳನ್ನು ಮೂರು ಪಟ್ಟಿಗಳಾಗಿ ವಿಂಗಡಿಸಿತು. ಪಟ್ಟಿಗಳಲ್ಲಿ ಸೇರದ ವಿಷಯ ಯಾರಿಗೆ ಸಲ್ಲಬೇಕೆಂಬುದನ್ನು ಗವರ್ನರ್ ಜನರಲ್ಲರ ವಿವೇಚನೆಗೆ ಬಿಟ್ಟಿತು. ಇವೆಲ್ಲವೂ ಲಂಡನ್ನಿನ ಪಾರ್ಲಿಮೆಂಟು ನೀಡಿದ ದತ್ತಿಗಳು. ದಾನಿ ಹೊರಗಿನವನು, ಕೊಟ್ಟದ್ದನ್ನು ಕಿತ್ತುಕೊಳ್ಳುವ ಶಕ್ತಿಯೂ ಅವನಲ್ಲಿಯೇ ಉಳಿದಿತ್ತು.

೧೯೪೬ರ ಡಿಸೆಂಬರ್ ೯ರಂದು ಸಂವಿಧಾನ ಸಭೆ ದೆಹಲಿಯಲ್ಲಿ ಮೊದಲ ಬಾರಿಗೆ ಸಮಾವೇಶಗೊಂಡಿತು. ನಾಲ್ಕು ದಿನಗಳ ಅನಂತರ ಜವಾಹರಲಾಲ್ ನೆಹರೂ ಅವರು ಧ್ಯೇಯಗಳ ನಿರ್ಣಯವನ್ನು ಮಂಡಿಸಿದರು. ಸ್ವತಂತ್ರ ಭಾರತದ ಸಕಲ ಅಧಿಕಾರವೂ ಜನತೆಯಿಂದಲೇ ಹೊಮ್ಮಿದುದು ಎಂಬುದು ಅದರ ತಿರುಳು. ೧೯೪೭ರ ಜನವರಿ ೨೨ರಂದು ಅದು ಅಂಗೀಕೃತವಾಯಿತು. ಡಾ. ಬಿ. ಆರ್. ಅಂಬೇಡ್ಕರ್ ಅವರ ಅಧ್ಯಕ್ಷತೆಯ ಕರಡು ಸಮಿತಿ ಆ ವರ್ಷದ ಆಗಸ್ಟ್ ೨೯ರಂದು ರಚಿತವಾಯಿತು. ಸಮಿತಿಯ ಮುಂದಿದ್ದ ಮೊದಲ ಕರಡನ್ನು ಸಿದ್ಧಪಡಿಸಿದವರು ಸಭೆಯ ಸಂವಿಧಾನ ಸಲಹೆಗಾರರಾಗಿದ್ದ, ಮಂಗಳೂರಿನಲ್ಲಿ ಜನಿಸಿದ ಬೆನೆಗಲ್ ನರಸಿಂಗರಾವ್ ಅವರು. ಎಸ್. ನಿಜಲಿಂಗಪ್ಪ, ಆರ್. ಆರ್. ದಿವಾಕರ, ಕೆ. ಸಿ. ರೆಡ್ಡಿ, ಕೆ. ಹನುಮಂತಯ್ಯ ಮೊದಲಾದವರು ಕನ್ನಡನಾಡಿನ ಬೇರೆ ಬೇರೆ ಭಾಗಗಳಿಂದ ಆ ಸಭೆಯಲ್ಲಿ ಕುಳಿತಿದ್ದರು. ೧೯೪೯ರ ನವೆಂಬರ್ ೨೬ರಂದು ಸಂವಿಧಾನ ಅಂಗೀಕಾರಗೊಂಡು, ೧೯೫೦ರ ಜನವರಿ ೨೬ರಂದು ಜಾರಿಗೆ ಬಂದಿತು.

ಸಂವಿಧಾನದ ಪ್ರಸ್ತಾವನೆಯ ವಾಕ್ಯರಚನೆಯನ್ನು ಸಾಹಿತ್ಯಾಭ್ಯಾಸಿಗಳು ವ್ಯಾಕರಣದ ದೃಷ್ಟಿಯಿಂದಲೇ ಗಮನಿಸಬೇಕು. ಅದರ ಕರ್ತೃಪದ ಜನತೆ, ಕ್ರಿಯಾಪದ ಕೊಡುವಿಕೆ, ಸಂಪ್ರದಾನವೂ ಆ ಜನತೆಯೇ. ಇಲ್ಲಿ ದಾನಿ ರಾಜನಲ್ಲ, ಹೊರನಾಡಿನ ಪಾರ್ಲಿಮೆಂಟಲ್ಲ; ಜನರು ತಮಗೆ ತಾವೇ ಬರೆದುಕೊಂಡ ಶಾಸನವಿದು. ಆ ಶಾಸನದಿಂದ ಅಧಿಕಾರ ಪಡೆದ ಪ್ರತಿಗ್ರಾಹಿಗಳಲ್ಲಿ ಸಂಸತ್ತು ಪ್ರಮುಖವಾದುದು.

ಇಲ್ಲಿ ಒಂದು ಶಂಕೆ ಉದ್ಭವಿಸುತ್ತದೆ. ಸಂವಿಧಾನ ಸಭೆಯ ಸದಸ್ಯರನ್ನು ವಯಸ್ಕರೆಲ್ಲರೂ ಆರಿಸಿರಲಿಲ್ಲ. ಪ್ರಾಂತಗಳ ಶಾಸನಸಭೆಗಳು ಅವರನ್ನು ಆರಿಸಿದ್ದವು. ಆ ಶಾಸನಸಭೆಗಳಾದರೋ ಆಸ್ತಿ, ತೆರಿಗೆ, ವಿದ್ಯೆಗಳ ಆಧಾರದ ಮೇಲೆ ಮತ ಪಡೆದ ಕೆಲವರಿಂದಲೇ ಚುನಾಯಿತವಾದವು. ಸಂಸ್ಥಾನಗಳ ಪ್ರತಿನಿಧಿಗಳು ಬಂದ ದಾರಿ ಬೇರೆಯೇ. ಹೀಗಿರುವಾಗ ಜನತೆಯೇ ಕೊಟ್ಟಿತೆಂಬ ಮಾತು ಎಷ್ಟರಮಟ್ಟಿಗೆ ನಿಜ? ಶಂಕೆ ನ್ಯಾಯವಾದುದೇ. ಇದಕ್ಕೆ ಸಮಾಧಾನ ಮುಂದಿನ ನಡವಳಿಕೆಯಲ್ಲಿದೆ. ೧೯೫೧-೫೨ರ ಪ್ರಥಮ ಮಹಾಚುನಾವಣೆಯಲ್ಲಿ, ಓದುಬರಹ ಬಲ್ಲವರು ಬಾರದವರೆನ್ನದೆ, ಗಂಡಸರು ಹೆಂಗಸರೆನ್ನದೆ, ಸುಮಾರು ೧೭ ಕೋಟಿ ಜನ ಮತದಾರರ ಪಟ್ಟಿಯಲ್ಲಿ ಸೇರಿದ್ದರು. ಆ ಸಂವಿಧಾನದ ಅಡಿಯಲ್ಲಿಯೇ ಅವರು ತಮ್ಮ ಪ್ರತಿನಿಧಿಗಳನ್ನು ಕಳುಹಿಸಿದರು. ಅಂದಿನಿಂದ ಚುನಾವಣೆಯಿಂದ ಚುನಾವಣೆಗೆ ಕಳುಹಿಸುತ್ತಲೇ ಇದ್ದಾರೆ. ಒಮ್ಮೆ ಬರೆದ ಶಾಸನಕ್ಕೆ ಪೀಳಿಗೆಯಿಂದ ಪೀಳಿಗೆಗೆ ಒಪ್ಪ ಬೀಳುತ್ತಿದೆ.

ಕೊಟ್ಟದ್ದು ಏನು?

ಸಂವಿಧಾನದ ೭೯ನೆಯ ಅನುಚ್ಛೇದದಂತೆ ರಾಷ್ಟ್ರಪತಿಗಳು, ರಾಜ್ಯಸಭೆ, ಲೋಕಸಭೆ ಈ ಮೂವರೂ ಕೂಡಿ ಸಂಸತ್ತು. ಲೋಕಸಭೆಯಲ್ಲಿ ಜನರಿಂದ ನೇರವಾಗಿ ಚುನಾಯಿತರಾದ ೫೪೩ ಸದಸ್ಯರ ಸ್ಥಾನಗಳಿವೆ. ಅವುಗಳಲ್ಲಿ ಕರ್ನಾಟಕದ್ದು ೨೮. ರಾಜ್ಯಸಭೆಯ ಸ್ಥಾನಗಳು ೨೫೦ನ್ನು ಮೀರುವಂತಿಲ್ಲ. ಕರ್ನಾಟಕಕ್ಕೆ ಸಲ್ಲುವುದು ೧೨. ರಾಷ್ಟ್ರಪತಿಗಳು ಸದನದಲ್ಲಿ ಕುಳಿತು ಚರ್ಚಿಸುವವರಲ್ಲವಾದರೂ ಅವರ ಅಂಕಿತವಿಲ್ಲದೆ ಯಾವ ಮಸೂದೆಯೂ ಕಾನೂನಾಗದು.

ಸಂಸತ್ತಿಗೆ ದತ್ತವಾದ ಅಧಿಕಾರಗಳಲ್ಲಿ ಮೊದಲನೆಯದು ಕಾನೂನು ರಚನೆ. ಏಳನೆಯ ಅನುಸೂಚಿಯಲ್ಲಿ ವಿಷಯಗಳು ಮೂರು ಪಟ್ಟಿಗಳಾಗಿ ಹಂಚಿಕೆಯಾಗಿವೆ. ೧೯೫೦ರ ಮೂಲಪಾಠದಲ್ಲಿ ಕೇಂದ್ರ ಪಟ್ಟಿಯಲ್ಲಿ ೯೭, ರಾಜ್ಯ ಪಟ್ಟಿಯಲ್ಲಿ ೬೬, ಸಮವರ್ತಿ ಪಟ್ಟಿಯಲ್ಲಿ ೪೭ ಬಾಬುಗಳಿದ್ದವು. ರಕ್ಷಣೆ, ವಿದೇಶ ವ್ಯವಹಾರ, ರೈಲ್ವೆ, ಅಂಚೆ ತಂತಿ, ನಾಣ್ಯ, ಜನಗಣತಿ ಮೊದಲಾದುವು ಕೇಂದ್ರಕ್ಕೆ. ಪೊಲೀಸು, ಕೃಷಿ, ಭೂಮಿ, ಸ್ಥಳೀಯ ಸ್ವಯಮಾಡಳಿತ ಮೊದಲಾದುವು ರಾಜ್ಯಗಳಿಗೆ. ವಿವಾಹ, ಕರಾರು, ಅಪರಾಧ ಕಾನೂನು ಮೊದಲಾದುವು ಇಬ್ಬರಿಗೂ. ಸಮವರ್ತಿ ವಿಷಯದಲ್ಲಿ ಎರಡು ಕಾನೂನುಗಳು ಒಂದಕ್ಕೊಂದು ವಿರುದ್ಧವಾದರೆ ಸಾಮಾನ್ಯವಾಗಿ ಸಂಸತ್ತಿನದೇ ಊರ್ಜಿತವಾಗುತ್ತದೆ. ಯಾವ ಪಟ್ಟಿಯಲ್ಲಿಯೂ ಕಾಣದ ವಿಷಯಗಳೆಲ್ಲ ೨೪೮ನೆಯ ಅನುಚ್ಛೇದದಂತೆ ಸಂಸತ್ತಿಗೇ ಸೇರುತ್ತವೆ. ೧೯೩೫ರಲ್ಲಿ ಪರಕೀಯ ಅಧಿಕಾರಿಯ ವಿವೇಚನೆಯಲ್ಲಿದ್ದ ಈ ಉಳಿಕೆಯ ಅಧಿಕಾರ ಹೀಗೆ ಚುನಾಯಿತ ಸಭೆಯ ಕೈಸೇರಿತು. ಇದೂ ಸಾಲದೆಂಬಂತೆ, ರಾಷ್ಟ್ರಹಿತಕ್ಕಾಗಿ ರಾಜ್ಯಸಭೆ ಮೂರರಲ್ಲಿ ಎರಡು ಪಾಲು ಬಹುಮತದಿಂದ ನಿರ್ಣಯಿಸಿದಾಗ, ರಾಷ್ಟ್ರೀಯ ತುರ್ತುಪರಿಸ್ಥಿತಿ ಜಾರಿಯಲ್ಲಿದ್ದಾಗ, ಎರಡು ಅಥವಾ ಹೆಚ್ಚು ರಾಜ್ಯಗಳು ತಾವಾಗಿ ಕೋರಿದಾಗ, ಅನ್ಯರಾಷ್ಟ್ರಗಳೊಡನೆ ಮಾಡಿಕೊಂಡ ಒಪ್ಪಂದವನ್ನು ನೆರವೇರಿಸಬೇಕಾದಾಗ, ರಾಜ್ಯ ಪಟ್ಟಿಯ ವಿಷಯಗಳ ಮೇಲೂ ಸಂಸತ್ತು ಕಾನೂನು ಮಾಡಬಹುದು.

ಎರಡನೆಯದು ಬೊಕ್ಕಸದ ಅಧಿಕಾರ. ಕಾನೂನಿನ ಆಧಾರವಿಲ್ಲದೆ ಒಂದು ಪೈ ತೆರಿಗೆಯನ್ನೂ ವಸೂಲು ಮಾಡುವಂತಿಲ್ಲ. ಸಂಸತ್ತಿನ ಅನುಮತಿಯಿಲ್ಲದೆ ಕೇಂದ್ರದ ಸಂಚಿತ ನಿಧಿಯಿಂದ ಒಂದು ಪೈಯನ್ನೂ ತೆಗೆಯುವಂತಿಲ್ಲ. ಈ ವಿಷಯದಲ್ಲಿ ಲೋಕಸಭೆಯದೇ ಮೇಲುಗೈ. ಧನವಿಧೇಯಕವನ್ನು ಲೋಕಸಭೆಯಲ್ಲಿಯೇ ಮೊದಲು ಮಂಡಿಸಬೇಕು. ರಾಜ್ಯಸಭೆ ಅದನ್ನು ೧೪ ದಿನಗಳೊಳಗೆ ಹಿಂದಿರುಗಿಸಬೇಕು. ಅದರ ಸಲಹೆಗಳನ್ನು ಒಪ್ಪುವುದು ಬಿಡುವುದು ಲೋಕಸಭೆಯ ಇಚ್ಛೆ. ಇತರ ಸಾಮಾನ್ಯ ಮಸೂದೆಗಳಲ್ಲಿ ಎರಡೂ ಸದನಗಳಿಗೆ ಒಮ್ಮತ ಬಾರದಿದ್ದರೆ ಜಂಟಿ ಅಧಿವೇಶನ ಕರೆಯುವ ಏರ್ಪಾಡಿದೆ. ವರದಕ್ಷಿಣೆ ನಿಷೇಧದ ಮಸೂದೆ ೧೯೬೧ರಲ್ಲಿ ಹಾಗೆ ಜಂಟಿಯಾಗಿ ಕುಳಿತ ಸದನಗಳಿಂದಲೇ ಅಂಗೀಕಾರ ಪಡೆಯಿತು.

ಮೂರನೆಯದು ಸರ್ಕಾರದ ಮೇಲಣ ಹತೋಟಿ. ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿದೆ. ಸದನದ ವಿಶ್ವಾಸ ಹೋದ ದಿನ ಮಂತ್ರಿಮಂಡಲವೂ ಹೋಗಬೇಕು. ಕನ್ನಡಿಗರೇ ಆದ ಎಚ್. ಡಿ. ದೇವೇಗೌಡರು ಪ್ರಧಾನಮಂತ್ರಿಗಳಾಗಿದ್ದಾಗ, ೧೯೯೭ರ ಏಪ್ರಿಲ್ ೧೧ರಂದು ವಿಶ್ವಾಸಮತ ದೊರೆಯದೆ ಅಧಿಕಾರ ಬಿಡಬೇಕಾಯಿತು. ೧೯೯೯ರ ಏಪ್ರಿಲ್ ೧೭ರಂದು ಅಟಲ್ ಬಿಹಾರಿ ವಾಜಪೇಯಿ ಅವರ ಸರ್ಕಾರ ಒಂದೇ ಒಂದು ಮತದ ಅಂತರದಿಂದ ಉರುಳಿತು. ಸೈನ್ಯವಿಲ್ಲದೆ, ರಕ್ತಪಾತವಿಲ್ಲದೆ, ಕೇವಲ ತಲೆಯೆಣಿಕೆಯಿಂದ ಪ್ರಭುತ್ವ ಕೈ ಬದಲಾಗುವ ಈ ವ್ಯವಸ್ಥೆ ಸಾಮಾನ್ಯವಾದುದಲ್ಲ.

ನಾಲ್ಕನೆಯದು ರಾಜ್ಯಗಳ ಗಡಿಯನ್ನೂ ಹೆಸರನ್ನೂ ನಿರ್ಣಯಿಸುವ ಅಧಿಕಾರ. ಮೂರನೆಯ ಅನುಚ್ಛೇದದ ಬಲದಿಂದ ಸಂಸತ್ತು ಹೊಸ ರಾಜ್ಯವನ್ನು ರಚಿಸಬಹುದು, ಇದ್ದುದನ್ನು ಒಡೆಯಬಹುದು, ಎಲ್ಲೆಯನ್ನು ಬದಲಿಸಬಹುದು. ಸಂಬಂಧಪಟ್ಟ ರಾಜ್ಯದ ವಿಧಾನಮಂಡಲದ ಅಭಿಪ್ರಾಯವನ್ನು ಕೇಳಬೇಕು. ಆದರೆ ಅದಕ್ಕೆ ಸಂಸತ್ತು ಬದ್ಧವಲ್ಲ. ಇದಕ್ಕೆ ಸಂವಿಧಾನದ ತಿದ್ದುಪಡಿಯೂ ಬೇಡ, ಸಾಮಾನ್ಯ ಬಹುಮತದ ಕಾನೂನು ಸಾಕು. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕನ್ನಡನಾಡು ೧೯೫೬ರ ನವೆಂಬರ್ ೧ರಂದು ಒಂದಾದದ್ದು ಸಂಸತ್ತು ಮಾಡಿದ ರಾಜ್ಯ ಪುನರ್ವಿಂಗಡಣಾ ಕಾಯಿದೆಯಿಂದ. ೧೯೭೩ರ ನವೆಂಬರ್ ೧ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದೂ ಸಂಸತ್ತಿನ ಕಾನೂನಿನಿಂದಲೇ. ನಾಡನ್ನು ಕೂಡಿಸಿದ ಅದೇ ೧೯೫೬ರ ಕಾಯಿದೆ ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ತಾಲ್ಲೂಕನ್ನು ಬೇರ್ಪಡಿಸಿ ಕೇರಳಕ್ಕೆ ಸೇರಿಸಿತೆಂಬುದನ್ನು ವಾಚಕರು ಇಲ್ಲಿ ನೆನಪಿನಲ್ಲಿಡಬೇಕು. ಮುಂದಿನ ಕಥೆ ಅಲ್ಲಿಂದಲೇ ಆರಂಭವಾಗುತ್ತದೆ.

ಎಲ್ಲೆ ಎಲ್ಲಿಯವರೆಗೆ?

ಸಾಮಾನ್ಯ ಕಾನೂನಿಗೆ ಎಲ್ಲೆ ಸ್ಪಷ್ಟವಾಗಿಯೇ ಇದೆ. ಅದು ಪಟ್ಟಿಯ ವ್ಯಾಪ್ತಿಯಲ್ಲಿರಬೇಕು. ಮೂಲಭೂತ ಹಕ್ಕುಗಳಿಗೆ ವಿರುದ್ಧವಾಗಿರಬಾರದು. ಇದ್ದರೆ ಹದಿಮೂರನೆಯ ಅನುಚ್ಛೇದದಂತೆ ಅಷ್ಟರಮಟ್ಟಿಗೆ ಅದು ಶೂನ್ಯ. ಆದರೆ ಈ ಎಲ್ಲೆಗಳನ್ನು ಹೇಳುವ ಸಂವಿಧಾನವನ್ನೇ ತಿದ್ದುವ ಅಧಿಕಾರವೂ ೩೬೮ನೆಯ ಅನುಚ್ಛೇದದಿಂದ ಸಂಸತ್ತಿಗೆ ಇದೆ. ಪ್ರತಿಯೊಂದು ಸದನದಲ್ಲಿಯೂ ಒಟ್ಟು ಸದಸ್ಯರ ಬಹುಮತ, ಹಾಜರಿದ್ದು ಮತ ನೀಡಿದವರ ಮೂರರಲ್ಲಿ ಎರಡು ಪಾಲು ಬಹುಮತ, ಇವೆರಡೂ ಕೂಡಿದರೆ ತಿದ್ದುಪಡಿ ಸಾಧ್ಯ. ರಾಷ್ಟ್ರಪತಿಗಳ ಚುನಾವಣೆ, ಶಾಸನಾಧಿಕಾರದ ಹಂಚಿಕೆ ಮೊದಲಾದ ವಿಷಯಗಳಲ್ಲಿ ಅರ್ಧದಷ್ಟಾದರೂ ರಾಜ್ಯಗಳ ವಿಧಾನಮಂಡಲಗಳ ಸಮ್ಮತಿಯೂ ಬೇಕು. ಹಾಗಾದರೆ ದತ್ತಿ ಪಡೆದವನು ದತ್ತಿಶಾಸನದ ಕಲ್ಲನ್ನೇ ಕೆತ್ತಿ ಚತುಸ್ಸೀಮೆಯನ್ನು ಬದಲಿಸಿಕೊಳ್ಳಬಹುದೇ? ಇದೇ ಮೂಲಭೂತವಾದ ಪ್ರಶ್ನೆ.

ಈ ಪ್ರಶ್ನೆ ಬಹುಪಾಲು ಭೂಮಿಯ ನಿಮಿತ್ತವಾಗಿಯೇ ಎದ್ದುದು ಗಮನಾರ್ಹ. ಜಮೀನ್ದಾರಿ ಪದ್ಧತಿಯ ರದ್ದತಿಗೆ ಆಸ್ತಿಯ ಹಕ್ಕು ಅಡ್ಡಿಯಾದಾಗ ೧೯೫೧ರಲ್ಲಿ ಮೊದಲನೆಯ ತಿದ್ದುಪಡಿ ಬಂದು, ಒಂಬತ್ತನೆಯ ಅನುಸೂಚಿ ಹುಟ್ಟಿತು. ಅದರಲ್ಲಿ ಸೇರಿಸಿದ ಕಾನೂನುಗಳನ್ನು ಮೂಲಭೂತ ಹಕ್ಕುಗಳ ಹೆಸರಿನಲ್ಲಿ ಪ್ರಶ್ನಿಸುವಂತಿರಲಿಲ್ಲ. ಸರ್ವೋಚ್ಚ ನ್ಯಾಯಾಲಯ ಅದೇ ವರ್ಷ ಶಂಕರಿ ಪ್ರಸಾದ್ ಮೊಕದ್ದಮೆಯಲ್ಲಿ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ೧೯೬೭ರ ಫೆಬ್ರವರಿ ೨೭ರಂದು ಗೋಲಕನಾಥ್ ಮೊಕದ್ದಮೆಯಲ್ಲಿ ಆರು ಜನ ನ್ಯಾಯಾಧೀಶರು ಐವರ ಭಿನ್ನಮತವಿದ್ದೂ, ಮೂಲಭೂತ ಹಕ್ಕುಗಳನ್ನು ಕಸಿಯುವ ತಿದ್ದುಪಡಿಗೆ ಸಂಸತ್ತಿಗೆ ಅಧಿಕಾರವಿಲ್ಲವೆಂದು ತೀರ್ಮಾನಿಸಿದರು. ಸಂಸತ್ತು ೧೯೭೧ರಲ್ಲಿ ಇಪ್ಪತ್ತನಾಲ್ಕನೆಯ ತಿದ್ದುಪಡಿಯನ್ನು ತಂದು, ಸಂವಿಧಾನದ ಯಾವ ಭಾಗವನ್ನಾದರೂ ತಿದ್ದುವ ಅಧಿಕಾರ ತನಗಿದೆಯೆಂದು ಘೋಷಿಸಿತು.

ಈ ನಡುವೆ, ಕಾಸರಗೋಡಿನ ಎಡನೀರು ಮಠದ ಪೀಠಾಧಿಪತಿಗಳಾಗಿದ್ದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳವರು ೧೯೭೦ರ ಮಾರ್ಚ್ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದರು. ಕನ್ನಡದ ಬಾಳಿಗೆ, ಯಕ್ಷಗಾನಕ್ಕೆ ಆಶ್ರಯವಾಗಿದ್ದ ಆ ಅದ್ವೈತ ಮಠ ೧೯೫೬ರ ಬಳಿಕ ಕೇರಳದ ವ್ಯಾಪ್ತಿಗೆ ಸೇರಿದ್ದುದರಿಂದ, ಕೇರಳದ ಭೂಸುಧಾರಣೆಯ ಕಾನೂನು ಮಠದ ಭೂಮಿಗೂ ಅನ್ವಯಿಸಿತು. ಅದನ್ನು ಪ್ರಶ್ನಿಸಿದ ಅರ್ಜಿ, ವಿಚಾರಣೆ ನಡೆಯುವಷ್ಟರಲ್ಲಿ, ಇಪ್ಪತ್ತನಾಲ್ಕು, ಇಪ್ಪತ್ತೈದು, ಇಪ್ಪತ್ತೊಂಬತ್ತನೆಯ ತಿದ್ದುಪಡಿಗಳನ್ನೇ ಪ್ರಶ್ನಿಸುವ ಅರ್ಜಿಯಾಗಿ ಬೆಳೆಯಿತು. ಹದಿಮೂರು ಜನ ನ್ಯಾಯಾಧೀಶರ ಪೀಠದ ಮುಂದೆ ೬೮ ದಿನಗಳ ಕಾಲ ವಾದ ನಡೆಯಿತು. ಶ್ರೀಗಳವರ ಪರವಾಗಿ ವಾದಿಸಿದವರು ನಾನಿ ಪಾಲ್ಖೀವಾಲಾ.

೧೯೭೩ರ ಏಪ್ರಿಲ್ ೨೪ರಂದು ಏಳು ಜನರ ಬಹುಮತದ ತೀರ್ಪು ಹೊರಬಿದ್ದಿತು. ಆರು ಜನರದು ಭಿನ್ನಮತ. ಅದರ ಸಾರ ಇಷ್ಟು: ಸಂಸತ್ತು ಮೂಲಭೂತ ಹಕ್ಕುಗಳನ್ನೂ ಒಳಗೊಂಡು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ನಾಶಗೊಳಿಸುವಂತಿಲ್ಲ. ತಿದ್ದುವುದೆಂದರೆ ಇದ್ದುದನ್ನು ಉಳಿಸಿಕೊಂಡು ನೇರ್ಪಡಿಸುವುದು; ಇಲ್ಲವಾಗಿಸುವುದಕ್ಕೆ ತಿದ್ದುವುದೆಂಬ ಹೆಸರು ಸಲ್ಲದು. ಸಂವಿಧಾನದ ಪರಮತೆ, ಪ್ರಜಾಪ್ರಭುತ್ವ, ಗಣರಾಜ್ಯದ ಸ್ವರೂಪ, ಅಧಿಕಾರಗಳ ಪ್ರತ್ಯೇಕತೆ, ಸಂಯುಕ್ತ ವ್ಯವಸ್ಥೆ ಮುಂತಾದುವನ್ನು ಬಹುಮತದ ನ್ಯಾಯಾಧೀಶರು ಮೂಲಸ್ವರೂಪದ ಲಕ್ಷಣಗಳೆಂದು ಉದಾಹರಿಸಿದರು. ದತ್ತಿಯ ಭೂಮಿಯಲ್ಲಿ ಬೆಳೆ ಬದಲಿಸಬಹುದು, ಬಾವಿ ತೋಡಬಹುದು, ಬದು ಕಟ್ಟಬಹುದು. ಭೂಮಿಯನ್ನೇ ಪರಭಾರೆ ಮಾಡುವ ಹಕ್ಕು ಅನುಭೋಗದ ಹಕ್ಕಿನಲ್ಲಿ ಅಡಕವಾಗಿಲ್ಲ ಎಂಬ ನಮ್ಮ ಹಳೆಯ ತಿಳಿವಳಿಕೆಗೆ ಈ ತೀರ್ಪು ದೂರವಾದುದಲ್ಲ.

ಇಲ್ಲಿ ಮಠದ ಪತ್ರಿಕೆಯೊಂದರ ಓದುಗರಾದ ನಾವು ಒಂದು ಮಾತನ್ನು ಸಂಕೋಚವಿಲ್ಲದೆ ಒಪ್ಪಬೇಕು. ಆ ಮೊಕದ್ದಮೆಯಿಂದ ಶ್ರೀಗಳವರು ಬಯಸಿದ ಪರಿಹಾರ ದೊರೆಯಲಿಲ್ಲ. ಕೇರಳದ ಕಾನೂನುಗಳನ್ನು ಒಂಬತ್ತನೆಯ ಅನುಸೂಚಿಗೆ ಸೇರಿಸಿದ ಇಪ್ಪತ್ತೊಂಬತ್ತನೆಯ ತಿದ್ದುಪಡಿ ಊರ್ಜಿತವೆನಿಸಿತು; ಉಳುವವನಿಗೆ ಭೂಮಿ ಸಲ್ಲಬೇಕೆಂಬ ನೀತಿ ಉಳಿಯಿತು. ಅದು ಉಳಿದುದು ಅನ್ಯಾಯವೆಂದು ಹೇಳಲಾಗದು. ಕರ್ನಾಟಕದಲ್ಲಿಯೂ ೧೯೭೪ರಿಂದ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿದಾರರು ಒಡೆಯರಾದರು. ಭೂಮಿ ಬಿಟ್ಟುಕೊಡಬೇಕಾದವರಿಗೆ ಅದರ ಬಿಸಿ ತಟ್ಟಿತು. ತೀರ್ಪಿನ ಮಹತ್ತ್ವ ಅರ್ಜಿದಾರರ ಆಸ್ತಿ ಉಳಿಯಿತೇ ಹೋಯಿತೇ ಎಂಬುದರಲ್ಲಿಲ್ಲ. ಆ ಅರ್ಜಿಯ ನಿಮಿತ್ತದಿಂದ ಆಸ್ತಿಯಿಲ್ಲದವನಿಗೂ ದೊರೆತ ರಕ್ಷಣೆಯಲ್ಲಿದೆ. ೨೦೨೦ರ ಸೆಪ್ಟೆಂಬರ್ ೬ರಂದು ಶ್ರೀಗಳವರು ಕಾಲವಶರಾದಾಗ ನಾಡಿನ ನ್ಯಾಯವೇತ್ತರು ಅವರನ್ನು ಸ್ಮರಿಸಿದುದು ಈ ಕಾರಣದಿಂದ.

ಕಟ್ಟಳೆಯ ಪರೀಕ್ಷೆ

ಆ ರಕ್ಷಣೆಯ ಅಗತ್ಯ ಎರಡೇ ವರ್ಷಗಳಲ್ಲಿ ಕಂಡುಬಂದಿತು. ೧೯೭೫ರ ಜೂನ್ ೨೫ರಂದು ತುರ್ತುಪರಿಸ್ಥಿತಿ ಘೋಷಿತವಾಯಿತು. ವಿರೋಧಪಕ್ಷಗಳ ಅನೇಕ ಸದಸ್ಯರು ಸೆರೆಯಲ್ಲಿದ್ದರು. ಆ ವರ್ಷದ ಆಗಸ್ಟಿನಲ್ಲಿ ಮೂವತ್ತೊಂಬತ್ತನೆಯ ತಿದ್ದುಪಡಿ ಬಂದು, ಪ್ರಧಾನಮಂತ್ರಿಗಳ ಚುನಾವಣೆಯನ್ನು ನ್ಯಾಯಾಲಯಗಳ ವಿಚಾರಣೆಯಿಂದ ಹೊರಗಿಟ್ಟಿತು. ನವೆಂಬರ್ ೭ರಂದು ಸರ್ವೋಚ್ಚ ನ್ಯಾಯಾಲಯ, ಇಂದಿರಾ ಗಾಂಧಿಯವರ ಆಯ್ಕೆಯನ್ನು ಎತ್ತಿಹಿಡಿದರೂ, ತಿದ್ದುಪಡಿಯ ಆ ಭಾಗವನ್ನು ಮೂಲಸ್ವರೂಪಕ್ಕೆ ವಿರುದ್ಧವೆಂದು ಅನೂರ್ಜಿತಗೊಳಿಸಿತು. ೧೯೭೬ರಲ್ಲಿ ಲೋಕಸಭೆಯ ಅವಧಿಯನ್ನು ಸಂಸತ್ತೇ ವಿಸ್ತರಿಸಿತು. ಅದೇ ವರ್ಷದ ನಲವತ್ತೆರಡನೆಯ ತಿದ್ದುಪಡಿ, ಸಂವಿಧಾನವನ್ನು ತಿದ್ದುವ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲ, ತಿದ್ದುಪಡಿಯನ್ನು ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸುವಂತಿಲ್ಲ ಎಂದು ೩೬೮ನೆಯ ಅನುಚ್ಛೇದದಲ್ಲಿಯೇ ಬರೆಯಿತು. ೧೯೭೭ರ ಚುನಾವಣೆಯಲ್ಲಿ ಜನರು ತಮ್ಮ ತೀರ್ಪು ಹೇಳಿದರು. ೧೯೭೮ರ ನಲವತ್ತನಾಲ್ಕನೆಯ ತಿದ್ದುಪಡಿ ಲೋಕಸಭೆಯ ಅವಧಿಯನ್ನು ಮತ್ತೆ ಐದು ವರ್ಷಕ್ಕೆ ಇಳಿಸಿತು. ಉಳಿದುದನ್ನು ಬೆಂಗಳೂರಿನ ಮಿನರ್ವಾ ಬಟ್ಟೆ ಗಿರಣಿಯ ಮೊಕದ್ದಮೆಯಲ್ಲಿ ನ್ಯಾಯಾಲಯ ಸರಿಪಡಿಸಿತು. ೧೯೮೦ರ ಜುಲೈ ೩೧ರ ಆ ತೀರ್ಪಿನ ಪ್ರಕಾರ, ಪರಿಮಿತವಾದ ಅಧಿಕಾರವನ್ನು ಪಡೆದವನು ಅದೇ ಅಧಿಕಾರವನ್ನು ಬಳಸಿ ತನ್ನನ್ನು ಅಪರಿಮಿತನನ್ನಾಗಿ ಮಾಡಿಕೊಳ್ಳಲಾರ.

ಎಡನೀರಿನ ಅರ್ಜಿಯಿಂದ ತೊಡಗಿದ ವಾದ ಬೆಂಗಳೂರಿನ ಗಿರಣಿಯಲ್ಲಿ ಗಟ್ಟಿಯಾಯಿತು. ಮೂರನೆಯ ಮಜಲೂ ಕರ್ನಾಟಕದ್ದೇ. ೧೯೮೯ರ ಏಪ್ರಿಲ್ ೨೧ರಂದು ಎಸ್. ಆರ್. ಬೊಮ್ಮಾಯಿಯವರ ರಾಜ್ಯ ಸರ್ಕಾರವನ್ನು, ವಿಧಾನಸಭೆಯಲ್ಲಿ ಬಹುಮತ ತೋರಿಸಲು ಅವಕಾಶ ಕೊಡದೆಯೇ, ವಜಾ ಮಾಡಲಾಯಿತು. ೧೯೯೪ರ ಮಾರ್ಚ್ ೧೧ರಂದು ಒಂಬತ್ತು ಜನ ನ್ಯಾಯಾಧೀಶರ ಪೀಠ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆ ನ್ಯಾಯಾಲಯದ ಪರಿಶೀಲನೆಗೆ ಒಳಪಟ್ಟುದೆಂದೂ, ಸಂಸತ್ತಿನ ಎರಡೂ ಸದನಗಳು ಅದನ್ನು ಅನುಮೋದಿಸುವ ಮೊದಲು ವಿಧಾನಸಭೆಯನ್ನು ವಿಸರ್ಜಿಸಬಾರದೆಂದೂ, ಬಹುಮತದ ಬಲಾಬಲ ಸದನದಲ್ಲಿಯೇ ನಿರ್ಣಯವಾಗಬೇಕೆಂದೂ ಸಾರಿತು. ಈ ತೀರ್ಪು ಶಾಸನಸಭೆಗಳನ್ನು ಕುಗ್ಗಿಸಲಿಲ್ಲ. ಅವುಗಳ ಸ್ಥಾನವನ್ನು ಎತ್ತಿ ನಿಲ್ಲಿಸಿತು ಎಂಬುದನ್ನು ಮರೆಯಬಾರದು. ೨೦೦೭ರ ಜನವರಿ ೧೧ರಂದು ಬಂದ ಇನ್ನೊಂದು ತೀರ್ಪು, ೧೯೭೩ರ ಏಪ್ರಿಲ್ ೨೪ರ ತರುವಾಯ ಒಂಬತ್ತನೆಯ ಅನುಸೂಚಿಗೆ ಸೇರಿಸಿದ ಕಾನೂನುಗಳನ್ನೂ ಈ ಒರೆಗಲ್ಲಿಗೆ ಹಚ್ಚಬಹುದೆಂದು ಹೇಳಿತು.

ಒಂದು ಆಕ್ಷೇಪ

ಈ ಸಿದ್ಧಾಂತಕ್ಕೆ ಬಲವಾದ ಆಕ್ಷೇಪವಿದೆ. ಮೂಲಸ್ವರೂಪವೆಂಬ ಮಾತು ಸಂವಿಧಾನದ ಯಾವ ಅನುಚ್ಛೇದದಲ್ಲಿಯೂ ಇಲ್ಲ. ಅದರ ಲಕ್ಷಣಗಳ ಪೂರ್ಣ ಪಟ್ಟಿಯನ್ನು ನ್ಯಾಯಾಲಯ ಕೊಟ್ಟಿಲ್ಲ. ಕೋಟ್ಯಂತರ ಜನರು ಆರಿಸಿ ಕಳುಹಿಸಿದವರ ನಿರ್ಧಾರವನ್ನು ಜನರಿಂದ ಆಯ್ಕೆಯಾಗದ ಕೆಲವರು ತಳ್ಳಿಹಾಕುವುದು ಪ್ರಜಾಪ್ರಭುತ್ವವೇ? ನ್ಯಾಯಾಧೀಶರ ನೇಮಕಕ್ಕೆ ಆಯೋಗವೊಂದನ್ನು ಏರ್ಪಡಿಸಲು ೨೦೧೪ರಲ್ಲಿ ಬಂದ ತೊಂಬತ್ತೊಂಬತ್ತನೆಯ ತಿದ್ದುಪಡಿಯನ್ನು ೨೦೧೫ರ ಅಕ್ಟೋಬರ್ ೧೬ರಂದು ನ್ಯಾಯಾಲಯ ರದ್ದುಪಡಿಸಿದಾಗ ಈ ಆಕ್ಷೇಪ ಮತ್ತೆ ತೀಕ್ಷ್ಣವಾಯಿತು. ತನ್ನ ವಿಷಯದಲ್ಲಿ ತಾನೇ ತೀರ್ಪುಗಾರನಾಗಬಹುದೇ ಎಂಬ ಪ್ರಶ್ನೆಯನ್ನು ನ್ಯಾಯಾಲಯವೂ ಎದುರಿಸಬೇಕಾಯಿತು.

ಆಕ್ಷೇಪ ಹಗುರವಾದುದಲ್ಲ. ಆದರೆ ಎರಡು ಸಂಗತಿಗಳನ್ನು ತೂಗಿನೋಡಬೇಕು. ೨೦೨೩ರ ವೇಳೆಗೆ ಸಂವಿಧಾನಕ್ಕೆ ೧೦೬ ತಿದ್ದುಪಡಿಗಳಾಗಿದ್ದವು. ಮೂಲಸ್ವರೂಪದ ಕಾರಣದಿಂದ ಪೂರ್ಣವಾಗಿಯೋ ಭಾಗಶಃವಾಗಿಯೋ ಬಿದ್ದುಹೋದವು ಬೆರಳೆಣಿಕೆಯವು. ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಸಾಲಿನಿಂದ ತೆಗೆದುದು, ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟುದು, ಶಾಸನಸಭೆಗಳಲ್ಲಿ ಮಹಿಳೆಯರಿಗೆ ಮೂರರಲ್ಲಿ ಒಂದು ಪಾಲು ಸ್ಥಾನ ಮೀಸಲಿಡಲು ೨೦೨೩ರಲ್ಲಿ ನಿರ್ಧರಿಸಿದುದು, ಇಂಥ ದೂರಗಾಮಿಯಾದ ಬದಲಾವಣೆಗಳೆಲ್ಲ ಸಂಸತ್ತಿನಿಂದಲೇ ಆದವು. ಎಲ್ಲೆ ಇದ್ದುದರಿಂದ ಸಂಸತ್ತು ಕೈಕಟ್ಟಿ ಕುಳಿತಿಲ್ಲ. ಎರಡನೆಯದಾಗಿ, ಇಂದಿನ ಬಹುಮತ ನಾಳಿನ ಚುನಾವಣೆಯನ್ನೇ ಇಲ್ಲವಾಗಿಸಿದರೆ, ನಾಳಿನ ಜನತೆಯ ದಾನಾಧಿಕಾರವನ್ನು ಅಪಹರಿಸಿದಂತಾಗುತ್ತದೆ. ಎಲ್ಲೆಗಲ್ಲು ಕಾಯುವುದು ನ್ಯಾಯಾಧೀಶರ ಹಿರಿಮೆಯನ್ನಲ್ಲ, ದಾನಿಯ ಹಕ್ಕನ್ನು. ನ್ಯಾಯಾಲಯಕ್ಕೂ ಎಲ್ಲೆಗಳಿವೆ. ಕಲಾಪದ ಕ್ರಮದಲ್ಲಿ ಲೋಪವಿತ್ತೆಂಬ ಕಾರಣದಿಂದ ಸಂಸತ್ತಿನ ನಡವಳಿಗಳನ್ನು ಅದು ಪ್ರಶ್ನಿಸುವಂತಿಲ್ಲ. ಸದಸ್ಯರು ಸದನದಲ್ಲಿ ಆಡಿದ ಮಾತಿಗಾಗಿ ಅವರನ್ನು ವಿಚಾರಿಸುವಂತಿಲ್ಲ. ದುರ್ನಡತೆ ಸಿದ್ಧವಾದ ನ್ಯಾಯಾಧೀಶರನ್ನು ಪದಚ್ಯುತಗೊಳಿಸಲು ಸಂಸತ್ತಿನ ನಿರ್ಣಯವೇ ಬೇಕು.

ಕಾರ್ಕಳ ಸೀಮೆಯ ಕೆ. ಎಸ್. ಹೆಗ್ಡೆಯವರ ಜೀವನ ಈ ಸಮತೋಲಕ್ಕೆ ಒಳ್ಳೆಯ ನಿದರ್ಶನ. ೧೯೫೨ರಿಂದ ೧೯೫೭ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದ ಅವರು, ೧೯೭೩ರಲ್ಲಿ ಸಂಸತ್ತಿನ ಮೇರೆಯನ್ನು ಗುರುತಿಸಿದ ಏಳು ಜನ ನ್ಯಾಯಾಧೀಶರಲ್ಲಿ ಒಬ್ಬರು. ಆ ತೀರ್ಪಿನ ಬೆನ್ನಿಗೇ ಅವರನ್ನೂ ಇನ್ನಿಬ್ಬರು ಹಿರಿಯರನ್ನೂ ಬದಿಗೊತ್ತಿ ಕಿರಿಯರಿಗೆ ಮುಖ್ಯ ನ್ಯಾಯಾಧೀಶರ ಸ್ಥಾನ ಕೊಡಲಾಯಿತು; ಮೂವರೂ ರಾಜೀನಾಮೆಯಿತ್ತರು. ೧೯೭೭ರಲ್ಲಿ ಹೆಗ್ಡೆಯವರು ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಆಯ್ಕೆಯಾಗಿ, ಅದೇ ವರ್ಷ ಸಭಾಧ್ಯಕ್ಷರಾದರು. ಸಂಸತ್ತಿಗೆ ಎಲ್ಲೆಯಿದೆಯೆಂದು ನ್ಯಾಯಪೀಠದಿಂದ ಹೇಳಿದವರೇ ಆ ಸಂಸತ್ತಿನ ಗೌರವವನ್ನು ಕಾಯುವ ಪೀಠದಲ್ಲಿ ಕುಳಿತರು. ಈ ಎರಡು ಕರ್ತವ್ಯಗಳ ನಡುವೆ ವಿರೋಧವಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ಹಳೆಯ ದತ್ತಿಗಳು ಆಚಂದ್ರಾರ್ಕವಾಗಿ ಸಲ್ಲಬೇಕೆಂದು ಕೊಟ್ಟವು. ಅವನ್ನು ಅಳಿದವರಿಗೆ ಶಾಪಾಶಯದ ಬೆದರಿಕೆಯೂ ಕಲ್ಲಿನ ಮೇಲೆಯೇ ಇರುತ್ತಿತ್ತು. ಸಂಸತ್ತಿಗೆ ಕೊಟ್ಟ ದತ್ತಿ ಆ ಬಗೆಯದಲ್ಲ. ಲೋಕಸಭೆಗೆ ಅದು ಸಲ್ಲುವುದು ಸಾಮಾನ್ಯವಾಗಿ ಐದು ವರ್ಷ. ಅವಧಿ ಮುಗಿದೊಡನೆ ಪ್ರತಿಗ್ರಾಹಿ ಮತ್ತೆ ದಾನಿಯ ಬಾಗಿಲಿಗೆ ಬರಬೇಕು. ಶಾಪಾಶಯದ ಸ್ಥಾನದಲ್ಲಿ ಇಲ್ಲಿ ಮತಪತ್ರವಿದೆ, ನ್ಯಾಯಾಲಯದ ಪರಿಶೀಲನೆಯಿದೆ. ಇವೆರಡೂ ಕೆಲಸ ಮಾಡಬೇಕಾದರೆ ದಾನಿಗೆ ತಾನು ಕೊಟ್ಟದ್ದೇನು, ಕೊಡದೆ ಉಳಿಸಿಕೊಂಡದ್ದೇನು ಎಂಬ ಅರಿವಿರಬೇಕು. ಊರ ಮುಂದಿನ ಶಾಸನದ ಕಲ್ಲನ್ನು ಓದಬಲ್ಲವರು ಒಬ್ಬಿಬ್ಬರಾದರೂ ಇರುವ ಊರಿನಲ್ಲಿ ದೇವರ ಭೂಮಿ ಸುಲಭವಾಗಿ ಒತ್ತುವರಿಯಾಗುವುದಿಲ್ಲ. ಸಂವಿಧಾನದ ವಿಷಯದಲ್ಲಿಯೂ ಅದೇ ಮಾತು ಸಲ್ಲುತ್ತದೆ.